ಒಂದೇ ಸಲ ಕರೆದ ದನಿ

ದೆವ್ವ ಭೂತಗಳ ಮಾತು ಶುರುವಾದರೆ ಎದ್ದು ಹೋಗಿ ಚಹಾ ಮಾಡಿಕೊಂಡು ಬರುವ ಆಸಾಮಿ ನಾನು. ನಂಬುವವರ ಮೇಲೆ ಸಿಟ್ಟೇನೂ ಇರಲಿಲ್ಲ, ಒಳಗೊಳಗೇ ನಗು ಬರುತ್ತಿತ್ತು ಅಷ್ಟೇ. ಕುವೈತ್‌ಗೆ ಬಂದ ಮೇಲಂತೂ ಆ ನಗು ಇನ್ನೂ ಹೆಚ್ಚಾಯಿತು. ಅಬ್ಬಾಸಿಯಾದ ನಮ್ಮ ಕಟ್ಟಡದಲ್ಲಿ ಒಂದೊಂದು ಕೋಣೆಗೆ ಆರಾರು ಬ್ಯಾಚುಲರ್‌ಗಳು. ಮೆಟ್ಟಿಲ ಮೇಲೆ ಹಗಲೂ ರಾತ್ರಿಯೂ ಓಡಾಟ. ಇಲ್ಲಿ ಭೂತ ಬಂದರೂ ಕಾಲು ಚಾಚಲು ಜಾಗ ಸಿಗಲಿಕ್ಕಿಲ್ಲ ಎಂದು ಗೆಳೆಯರ ಹತ್ತಿರ ತಮಾಷೆ ಮಾಡುತ್ತಿದ್ದೆ. ಆದ್ದರಿಂದ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಇದು ನಡೆದದ್ದು 2007ರ ಸುಮಾರಿಗೆ. ನಾನು ಕುವೈತ್ ಸಿಟಿಯ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಮಗಳು ಸಿಂಚನಾ ಆಗ ಒಂದನೆಯ ತರಗತಿ. ಆ ಚಳಿಗಾಲದಲ್ಲಿ ಕುಂದಾಪುರದ ಕಡೆಯ ನಮ್ಮ ಊರಿನಿಂದ ಅಮ್ಮ ಮೂರು ತಿಂಗಳ ವಿಸಿಟ್ ವಿಸಾದಲ್ಲಿ ಬಂದಿದ್ದಳು. ಅಮ್ಮ ಹುಟ್ಟಿ ಬೆಳೆದದ್ದು ಕಡಲ ತಡಿಯಲ್ಲಿ. ನಾಲ್ಕನೆಯ ಮಹಡಿಯ ಎರಡು ಕೋಣೆಗಳ ಮನೆಯಲ್ಲಿ ಅವಳಿಗೆ ಮಾಡಲು ಕೆಲಸವಿರಲಿಲ್ಲ, ಮಾತಾಡಲು ಮೊಮ್ಮಗಳೊಬ್ಬಳೇ ಸಿಕ್ಕಿದ್ದು. ಅಜ್ಜಿ ಕುಂದಾಪುರದ ಕನ್ನಡದಲ್ಲಿ ಕಥೆ ಹೇಳುವುದು, ಮೊಮ್ಮಗಳು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು.

ಜನವರಿಯ ಒಂದು ದಿನ ಶಾಲೆಯ ಡೈರಿಯಲ್ಲಿ ಟೀಚರ್ ಬರೆದು ಕಳಿಸಿದ್ದರು. ಹಾಜರಿ ಕೂಗುವಾಗ ನಿಮ್ಮ ಮಗಳು ಎರಡು ಸಲ ಕರೆದರೂ ಮಾತಾಡುವುದಿಲ್ಲ, ಕಿವಿ ಪರೀಕ್ಷೆ ಮಾಡಿಸಿ ಎಂದು. ನಾವು ಹೌಹಾರಿದೆವು. ಹೆಂಡತಿ ಒಂದು ದಿನ ರಜೆ ಹಾಕಿ ಮಗಳನ್ನು ಕಿವಿಯ ಡಾಕ್ಟರ ಬಳಿ ಕರೆದೊಯ್ದಳು. ಕಿವಿ ಸರಿಯಾಗಿಯೇ ಇತ್ತು. ಸಂಜೆ ಊಟದ ಮೇಜಿನ ಮುಂದೆ ಮಗಳೇ ಗುಟ್ಟು ಬಿಟ್ಟುಕೊಟ್ಟಳು. ಯಾರಾದರೂ ಹೆಸರು ಹಿಡಿದು ಕರೆದರೆ ಮೊದಲನೆಯ ಸಲಕ್ಕೇ ಓಗೊಡಬಾರದಂತೆ. ಮನುಷ್ಯರಲ್ಲದ್ದು ಒಂದೇ ಸಲ ಕರೆಯುತ್ತದಂತೆ. ಮೂರನೆಯ ಸಲವೂ ಕರೆದರೆ ಮಾತ್ರ ಅದು ನಮ್ಮವರು.

ನಾನು ಅಮ್ಮನ ಮೇಲೆ ಹರಿಹಾಯ್ದೆ. ಹಾಗೆಲ್ಲ ಮಾತಾಡಬಾರದಿತ್ತು, ಆದರೆ ಮಗುವಿನ ಕಿವಿ ಕೆಟ್ಟಿತೆಂದು ವಾರವಿಡೀ ಹೆದರಿದ್ದ ಸಿಟ್ಟು ಅದು.

"ಇದೆಲ್ಲ ಊರಲ್ಲೇ ಬಿಟ್ಟು ಬರಬೇಕಿತ್ತಮ್ಮ," ಎಂದೆ. "ಇಕಾಮಾ ಇಲ್ಲದೆ, ವಾಸದ ಪರ್ಮಿಟ್ ಇಲ್ಲದೆ, ಈ ದೇಶದಲ್ಲಿ ಭೂತವೂ ಇರುವ ಹಾಗಿಲ್ಲ."

"ಇಕಾಮಾ ನಿಂಗೆ ಬೇಕ್ ಮಗಾ, ಅದ್ಕೆ ಎಂತಕ್ಕೆ?" ಎಂದಳು ಅಮ್ಮ, ತಟ್ಟೆಯಿಂದ ತಲೆ ಎತ್ತದೆ.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಕರೆದ ಮೊದಲ ಸಲಕ್ಕೇ ಮಾತಾಡಬೇಕು, ಇಲ್ಲದಿದ್ದರೆ ಕಾರ್ಟೂನ್ ಬಂದ್ ಎಂದು ತಾಕೀತು ಮಾಡಿದೆ. ಅಜ್ಜಿಯ ಕಥೆಯೂ ಖಲಾಸ್ ಎಂದೆ. ಅಮ್ಮ ಆ ಮೇಲೆ ಕಥೆ ಹೇಳುವುದನ್ನು ನಿಲ್ಲಿಸಿಯೇ ಬಿಟ್ಟಳು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ವಾಪಸು ಹೋಗುವ ದಿನಕ್ಕೆ ಪೆನ್ಸಿಲಿನಿಂದ ಸುತ್ತು ಹಾಕಿಕೊಂಡದ್ದನ್ನು ನೋಡಿದೆ. ಆದರೂ ತಪ್ಪಾಯಿತೆಂದು ಹೇಳಲು ನಾಲಿಗೆ ಏಳಲಿಲ್ಲ.

ನಮ್ಮ ಮ್ಯಾನೇಜರ್ ಸ್ಕಾಟ್ಲೆಂಡಿನವರು, ಅಲ್ಲಿನ ಒಂದು ಸಣ್ಣ ದ್ವೀಪದಲ್ಲಿ ಬೆಳೆದವರು. ಅವರ ಮೇಜಿನ ಗಾಜಿನಡಿಯಲ್ಲಿ ಆ ದ್ವೀಪದ ಫೋಟೋಗಳಿದ್ದವು: ಹಸಿರು ಗುಡ್ಡ, ಕಲ್ಲಿನ ಮನೆ, ಬಂಡೆಯ ಮೇಲೆ ಮಲಗಿದ ಸೀಲ್‌ಗಳು. ರಜೆಯಲ್ಲಿ ಊರಿಗೆ ಹೋದರೆ ಅವರು ದಿನಕ್ಕೆ ಹತ್ತು ಮೈಲಿ ನಡೆಯುವವರು, ಹಕ್ಕಿ ನೋಡುವವರು, ಸಂಜೆ ಊರವರ ಹಾಡು ಕೇಳುವವರು. ಒಂದು ದಿನ ನಾನು ಆ ಫೋಟೋಗಳನ್ನು ಬಾಯಿ ಬಿಟ್ಟು ನೋಡುತ್ತಿದ್ದಾಗ, ನಿನಗೂ ಒಂದು ದ್ವೀಪವಿದೆಯಲ್ಲ, ದೋಣಿಯಲ್ಲಿ ಒಂದು ಗಂಟೆ ಅಷ್ಟೇ, ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ ಹೋಗಿದ್ದೀಯಾ ಎಂದು ಕೇಳಿದರು. ಫೈಲಕಾ ದ್ವೀಪದ ಮಾತು ಅದು. ನಾನು ಹೋಗಿರಲಿಲ್ಲ. ಅವರೇ ಡ್ರಾಯರಿನಿಂದ ತಮ್ಮ ದುರ್ಬೀನು ತೆಗೆದು ನನ್ನ ಕೈಗಿತ್ತರು. ಫೆಬ್ರವರಿಯ ಕೊನೆಯಲ್ಲಿ ಬರುವ ರಾಷ್ಟ್ರೀಯ ದಿನದ ರಜೆ ಹತ್ತಿರವಿತ್ತು. ಕಡಲು ನೋಡಿದರೆ ಅಮ್ಮನ ಮುಖ ಅರಳೀತು ಎಂಬ ಆಸೆಯಿಂದ ಅವಳನ್ನೂ ಮಗಳನ್ನೂ ಕರೆದುಕೊಂಡು ಹೊರಟೆ. ಹೆಂಡತಿಗೆ ಅಂದು ಡ್ಯೂಟಿ. ಮಗಳ ಕೈ ಬಿಡಬೇಡಿ ಎಂದು ಬಾಗಿಲಲ್ಲಿ ಎರಡು ಸಲ ಹೇಳಿ ಕಳಿಸಿದಳು.

ಅಮ್ಮನ ಮುಖ ನಿಜವಾಗಿಯೂ ಅರಳಿತು. ದೋಣಿಯ ಕಟಕಟೆ ಹಿಡಿದು ನಿಂತು ಗಾಳಿಯ ವಾಸನೆಯಿಂದಲೇ ಇಲ್ಲಿ ಮೀನು ಚೆನ್ನಾಗಿದೆ ಎಂದಳು. ದ್ವೀಪದಲ್ಲಿ ನಮ್ಮನ್ನೂ ಸೇರಿಸಿ ಹತ್ತು ಹನ್ನೆರಡು ಜನರನ್ನು ಒಂದು ಮಿನಿಬಸ್ಸಿಗೆ ಹತ್ತಿಸಿಕೊಂಡರು. ಡ್ರೈವರ್ ಪಠಾಣ, ಎಲ್ಲರೂ ಅವನನ್ನು ಖಾನ್ ಭಾಯಿ ಎನ್ನುತ್ತಿದ್ದರು. ಹೊರಡುವ ಮೊದಲೇ ಅವನು ಹಿಂದಿಯಲ್ಲಿ ಎಚ್ಚರಿಕೆ ಹೇಳಿದ. ನಡೆಯುವುದಾದರೆ ರಸ್ತೆ ಮತ್ತು ಮನೆಗಳ ನಡುವೆಯೇ ನಡೆಯಬೇಕು. ಎಲ್ಲಿ ತಂತಿಬೇಲಿ ಕಂಡರೂ ಆಚೆ ಕಾಲಿಡಬಾರದು. 1990ರ ಯುದ್ಧದಲ್ಲಿ ಹೂತ ಮೈನ್‌ಗಳನ್ನು, ಅಂದರೆ ನೆಲಬಾಂಬುಗಳನ್ನು, ತೆಗೆದಿದ್ದಾರೆ, ಆದರೆ ಮರಳೊಳಗೆ ಎಲ್ಲೋ ಒಂದು ಉಳಿದಿದ್ದರೆ ಯಾರಿಗೆ ಗೊತ್ತು?

"ತಾರ್ ಕೇ ಉಸ್ ಪಾರ್ ಖಲಾಸ್," ಎಂದು ಅಂಗೈ ಒರೆಸಿ ತೋರಿಸಿದ.

ದ್ವೀಪ ನಾನೆಣಿಸಿದಂತೆ ಬರೀ ಮರಳಾಗಿರಲಿಲ್ಲ. ಮಳೆ ಬಿದ್ದಿದ್ದರಿಂದ ಅಲ್ಲಲ್ಲಿ ಹಸಿರು ಗರಿಕೆ, ಹಳದಿ ಹೂವು. ತಗ್ಗು ನೀರಿನಲ್ಲಿ ರಾಜಹಂಸಗಳು ಒಂಟಿಗಾಲಿನಲ್ಲಿ ನಿಂತಿದ್ದವು. ಮಗಳು ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಕೆಳಗಿಡಲು ಒಪ್ಪಲಿಲ್ಲ. ಹಾಳು ಬಿದ್ದ ಊರಿನ ಬಳಿ ಬಸ್ಸು ನಿಂತಿತು. ಉಳಿದವರು ಗ್ರೀಕರ ಕಾಲದ ಕೋಟೆ ನೋಡಲು ನಡೆದು ಹೋದರು. ಅಮ್ಮನಿಗೆ ಮೊಣಕಾಲು ನೋವು, ನಾವು ಮೂವರೂ ಮನೆಗಳ ಹತ್ತಿರವೇ ಉಳಿದೆವು.

ಯುದ್ಧ ಬಂದಾಗ ಬಿಟ್ಟು ಹೋದ ಮನೆಗಳು ಅವು, ಆಮೇಲೆ ಯಾರೂ ಬಂದು ನೆಲೆಸಿಲ್ಲ. ಗೋಡೆಯ ತುಂಬ ಗುಂಡಿನ ತೂತು. ಒಂದು ಅಂಗಳದಲ್ಲಿ ತಂತಿಯಿಂದ ಹೆಣೆದ, ದೊಡ್ಡ ಗುಡಾಣದಂಥ ಮೀನಿನ ಬೋನು ತುಕ್ಕು ಹಿಡಿದು ಬಿದ್ದಿತ್ತು. ಅಮ್ಮ ಅದನ್ನು ಮುಟ್ಟಿ ನೋಡಿ, ಅಲ್ಲೇ ಜಗಲಿಯಂಥ ಕಟ್ಟೆಯ ಮೇಲೆ ಕೂತಳು.

"ನಮ್ಮಂಗೇ ಬದ್ಕಿದ್ ಜನ," ಎಂದಳು. "ಓಡಿ ಹೋಪತಿಗೆ ಎಷ್ಟ್ ಮಕ್ಕಳ್ನ ಕೂಗಿ ಕರ್ದಿಪ್ರೋ."

ಅಷ್ಟರಲ್ಲಿ ಮುರಿದ ಗೋಡೆಯ ಮೇಲೆ ಒಂದು ಚಂದ್ರಮುಕುಟ ಹಕ್ಕಿ ಬಂದು ಕೂತಿತು. ತಲೆಯ ಮೇಲೆ ಬೀಸಣಿಗೆಯಂಥ ಜುಟ್ಟು. ಕ್ಯಾಮೆರಾ ಹಿಡಿಯಲು ಮಗಳ ಕೈ ಬಿಟ್ಟೆ. ಹಕ್ಕಿ ಹಾರಿ ಮುಂದಿನ ಗೋಡೆಗೆ ಹೋಯಿತು, ನಾನೂ ಹೋದೆ. ಮತ್ತೆ ಮುಂದಿನದಕ್ಕೆ. ಮೂರು ಫೋಟೋ ತೆಗೆದು ತಿರುಗಿ ನೋಡುವಾಗ ಕಡಲ ಕಡೆಯಿಂದ ಮಂಜು ಬರುತ್ತಿತ್ತು.

ಕುವೈತ್‌ನಲ್ಲಿ ಮಂಜೇ ಎಂದು ನೀವು ಕೇಳಬಹುದು. ಚಳಿಗಾಲದಲ್ಲಿ ಒಮ್ಮೊಮ್ಮೆ ಬರುತ್ತದೆ, ವಿಮಾನಗಳೂ ನಿಲ್ಲುತ್ತವೆ. ಆದರೆ ಹಗಲು ಹನ್ನೊಂದು ಗಂಟೆಗೆ, ಅಷ್ಟು ಬೇಗ ಬಂದದ್ದನ್ನು ನಾನು ಕಂಡಿರಲಿಲ್ಲ. ಅಮ್ಮ ಕೂತಿದ್ದ ಕಟ್ಟೆಯನ್ನು ತಡಕಾಡಿಕೊಂಡು ತಲುಪಿದಾಗ ಅಮ್ಮ ಒಬ್ಬಳೇ ಇದ್ದಳು.

"ನಿನ್ನ ಹಿಂದೇ ಬಂತಲ್ದಾ ಹೆಣ್?" ಎಂದಳು.

ಹಕ್ಕಿಯ ಫೋಟೋಗಾಗಿ ಮಗಳ ಕೈ ಬಿಟ್ಟಿದ್ದೆ. ಎಲ್ಲಿ ತಂತಿ, ಎಲ್ಲಿ ರಸ್ತೆ, ಒಂದೂ ಕಾಣದು. "ಸಿಂಚೂ, ಸಿಂಚೂ" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಎಷ್ಟು ಸಲ ಎಂದು ಎಣಿಸಿಲ್ಲ, ಮೂವತ್ತು ನಲವತ್ತು ಸಲವಾದರೂ ಆಗಿರಬೇಕು. ಉತ್ತರವಿಲ್ಲ. ಖಾನ್ ಭಾಯಿ ಬಸ್ಸಿನ ಹಾರ್ನ್ ಒತ್ತತೊಡಗಿದ. ಅದು ನಾಲ್ಕೂ ದಿಕ್ಕಿನಿಂದ ಬಂದ ಹಾಗೆ ಕೇಳುತ್ತಿತ್ತು. ಅಮ್ಮ ನನ್ನ ಅಂಗಿಯ ತುದಿ ಹಿಡಿದು ಕುಂಟುತ್ತ ಹಿಂದೆಯೇ ಬಂದಳು.

ಆಗ ಕೇಳಿಸಿತು. "ಡ್ಯಾಡೀ." ಎಡಗಡೆಯಿಂದ, ಇಪ್ಪತ್ತು ಹೆಜ್ಜೆಯೂ ದೂರವಿರಲಿಕ್ಕಿಲ್ಲ. ನನ್ನ ಮಗಳದೇ ದನಿ. ಬೆಳಿಗ್ಗೆ ಎಚ್ಚರವಾದಾಗ ಹಾಸಿಗೆಯಲ್ಲೇ ಕಣ್ಣು ಮುಚ್ಚಿಕೊಂಡು ಕರೆಯುತ್ತಾಳಲ್ಲ, ಅದೇ ದನಿ. ನಾನು ಓಡಿದೆ. ಮೊಣಕಾಲಿಗೆ ಏನೋ ತಾಗಿ ಚರ್ಮ ಕಿತ್ತುಬಂತು. ತುಕ್ಕು ಹಿಡಿದ ತಂತಿ, ನೆಲದಿಂದ ಎರಡಡಿ ಎತ್ತರದಲ್ಲಿ ಜೋತಾಡುತ್ತಿತ್ತು. ತಂತಿ ಎಂದು ಗೊತ್ತಾಯಿತು. ಗೊತ್ತಾಗಿಯೂ ದಾಟಲು ಬಲಗಾಲು ಎತ್ತಿದೆ.

ಅಮ್ಮ ಹಿಂದಿನಿಂದ ಕಾಲರ್ ಹಿಡಿದು ಜಗ್ಗಿದಳು. "ತಡಿ ಮಗಾ. ಇನ್ನೊಂದ್ ಸಲ ಕರೀಲಿ."

"ಬಿಡಮ್ಮ! ಮಗು ಅಲ್ಲಿದೆ!"

"ಇದ್ರೆ ಕರೀತ್. ಇನ್ನೊಂದ್ ಸಲ ಕರೀಲಿ."

ನಾನು ಅಮ್ಮನಿಗೆ ಏನು ಬೈದೆನೋ ಇಲ್ಲಿ ಬರೆಯಲಾರೆ. ಮೊಣಕೈಯಿಂದ ತಳ್ಳಿದೆ. ಅದು ಅವಳ ದವಡೆಗೆ ತಾಗಿತು. ಎಪ್ಪತ್ತರ ಹತ್ತಿರದ ಮುದುಕಿ, ಮೊಣಕಾಲು ನೋವಿನವಳು, ಆದರೂ ಹಿಡಿದ ಕಾಲರ್ ಬಿಡಲಿಲ್ಲ.

"ಬೇಕಾರೆ ಹೊಡಿ ನಂಗೆ. ಎರಡ್ನೇ ಸಲ ಕರೂವರೆಗೆ ನಾ ಬಿಡುದಿಲ್ಲ."

ನಾವಿಬ್ಬರೂ ಹಾಗೆಯೇ ನಿಂತೆವು, ನನ್ನ ಒಂದು ಕೈ ತಂತಿಯ ಮೇಲೆ. ಹಾರ್ನ್ ಕೂಡ ನಿಂತಿತ್ತು. ಒಂದು ನಿಮಿಷವೋ ಎರಡೋ. ಎರಡನೆಯ ಕರೆ ಬರಲಿಲ್ಲ. ನನ್ನ ಮಗಳು ಆ ಕಡೆ ಇದ್ದಿದ್ದರೆ ಒಂದೇ ಸಲ ಕರೆದು ಸುಮ್ಮನಾಗುವವಳಲ್ಲ, ಅಳುತ್ತಿದ್ದಳು, ಮತ್ತೆ ಮತ್ತೆ ಕರೆಯುತ್ತಿದ್ದಳು ಎಂಬುದು ನನ್ನ ತಲೆಗೆ ಆಗ ಹೊಳೆಯಿತು. ತಂತಿಯ ಮೇಲಿದ್ದ ಕೈ ತೆಗೆದೆ.

ಆಮೇಲೆ ಅಮ್ಮ ತಾನೇ ಕರೆದಳು. ನನ್ನ ಹಾಗೆ ಕಿರುಚಲಿಲ್ಲ. ದಡದಿಂದ ದೋಣಿಯವರನ್ನು ಕರೆಯುವಂತೆ ಬಾಯಿಗೆ ಕೈ ಅಡ್ಡ ಹಿಡಿದು, ಉದ್ದಕ್ಕೆ ಎಳೆದು, ನಡುವೆ ಉಸಿರು ಬಿಟ್ಟು, ಮೂರು ಸಲ. "ಸಿಂಚೂ..." ಒಂದು. "ಸಿಂಚೂ..." ಎರಡು. "ಸಿಂಚೂ..." ಮೂರು.

"ಅಜ್ಜೀ! ಐ ಆ್ಯಮ್ ಹಿಯರ್!"

ಉತ್ತರ ಬಂದದ್ದು ನಮ್ಮ ಬೆನ್ನ ಹಿಂದಿನಿಂದ, ಬಲಗಡೆಯಿಂದ. ತಂತಿಗೆ ಪೂರಾ ವಿರುದ್ಧ ದಿಕ್ಕು. ಕರೆಯುತ್ತ, ಓಗೊಡಿಸಿಕೊಳ್ಳುತ್ತ ಹೋದೆವು. ಒಂದು ಮನೆಯ ಹೊರಗೋಡೆಗೆ ಬೆನ್ನು ಕೊಟ್ಟು, ದುರ್ಬೀನಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು ನನ್ನ ಮಗಳು. ಅತ್ತಿರಲಿಲ್ಲ. ಎತ್ತಿಕೊಂಡೆ. ಅವಳ ಕೂದಲು ಮಂಜಿಗೆ ಒದ್ದೆಯಾಗಿತ್ತು. ಅವಳ ಬದಲು ನಾನೇ ಅತ್ತೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಯಾಕೆ ಮಾತಾಡಲಿಲ್ಲ, ಅಷ್ಟು ಸಲ ಕರೆದೆನಲ್ಲ ಎಂದು ಕೇಳಿದೆ.

"ನೋ ಡ್ಯಾಡಿ, ಓನ್ಲಿ ಒನ್ ಟೈಮ್," ಎಂದಳು. ಬೆರಳು ತೋರಿಸಿದ್ದು ತಂತಿಯ ಕಡೆಗೆ. ಅಲ್ಲಿಂದ ನೀನು 'ಬಾ ಮಗಾ' ಎಂದೆ, ನಿನ್ನದೇ ದನಿ, ಒಂದೇ ಸಲ. ಹೋಗಬೇಕೆನ್ನಿಸಿತು, ಆದರೆ ಅಜ್ಜಿ ಮೂರು ಎಂದಿದ್ದಾಳಲ್ಲ, ಕಾದೆ. ಆಮೇಲೆ ಅಜ್ಜಿ ಮೂರು ಸಲ ಕರೆದಳು. ಇದಿಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿ, ಹೆದರಿದ ಮುಖ ಮಾಡಿ ಕೇಳಿದಳು: "ನೋ ಕಾರ್ಟೂನ್?"

ನಾನು ಮಗಳನ್ನು ಎಂದೂ ಮಗಾ ಎಂದವನಲ್ಲ. ಅದು ಅಮ್ಮ ನನ್ನನ್ನು ಕರೆಯುವ ಬಗೆ. ನೀನು 'ಡ್ಯಾಡಿ' ಎಂದು ಕೂಗಿದೆಯಾ ಎಂದು ಕೇಳಿದೆ. ಬಾಯೇ ತೆರೆದಿಲ್ಲ ಎಂದಳು. ಮೂರು ಆಗುವವರೆಗೆ ಬಾಯಿ ತೆರೆಯಬಾರದಂತೆ.

ಅರ್ಧ ಗಂಟೆಯಲ್ಲಿ ಮಂಜು ಚದುರಿತು. ಖಾನ್ ಭಾಯಿ ಹುಡುಕಿಕೊಂಡು ಬಂದ. ತಂತಿಯ ಹತ್ತಿರ ಹೋಗಿ ನೋಡಿದೆವು. ಈಚೆ ಒದ್ದೆ ಮರಳಿನಲ್ಲಿ ನನ್ನ ಬೂಟಿನ ಗುರುತು, ಅಮ್ಮನ ಚಪ್ಪಲಿಯ ಗುರುತು. ಆಚೆ ಬರೀ ಮರಳು, ಹಕ್ಕಿಯ ಕಾಲಿನ ಗೀರುಗಳು, ಮುಗುಚಿ ಬಿದ್ದ ಒಂದು ತಗಡಿನ ಹಲಗೆ. ಖಾನ್ ಭಾಯಿ ಈಚೆಯಿಂದಲೇ ಉದ್ದ ಕೋಲು ಚಾಚಿ ಹಲಗೆ ಮಗುಚಿದ. ಮಾಸಿದ ಕೆಂಪಿನಲ್ಲಿ ತಲೆಬುರುಡೆಯ ಚಿತ್ರವಿತ್ತು. ಅಲ್ಲಿ ಮೈನ್ ಇದೆಯೇ ಎಂದು ಕೇಳಿದೆ.

"ಶಾಯದ್ ಹೈ, ಶಾಯದ್ ನಹೀ," ಎಂದ. "ಯಲ್ಲಾ, ಬೈಠೋ ಗಾಡೀ ಮೇ."

ವಾಪಸು ದೋಣಿಯಲ್ಲಿ ಹೊಟ್ಟೆ ಹಸಿದದ್ದು ನೆನಪಾಯಿತು. ಖುಬೂಸ್ ರೊಟ್ಟಿಯಲ್ಲಿ ಸುತ್ತಿ ತಂದಿದ್ದ ಆಮ್ಲೆಟ್ ತಣ್ಣಗಾಗಿ ಚರ್ಮದಂತಾಗಿತ್ತು. ಅಷ್ಟು ರುಚಿಯಾದ ಊಟ ಮತ್ತೆ ಎಲ್ಲೂ ಉಂಡಿಲ್ಲ. ಬಿಸಿಲು ಹರಡಿತ್ತು. ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದಳು. ಅಮ್ಮನ ದವಡೆಯ ಮೇಲೆ ಸಣ್ಣ ಊತ ಕಾಣುತ್ತಿತ್ತು.

"ನೋವಾಯಿತಾ ಅಮ್ಮ?" ಎಂದೆ. ಅಷ್ಟು ಕೇಳಲು ನನಗೆ ಅರ್ಧ ದಾರಿ ಬೇಕಾಯಿತು.

"ಕೈ ತಾಗ್ತ್, ಅಷ್ಟೇ. ನೀ ಸಣ್ಣದಿಪ್ಪತಿಗೆ ಇದ್ಕಿಂತ ಜೋರ್ ಒದ್ದಿದ್ದೆ," ಎಂದು ನಕ್ಕಳು. 'ನಾನು ಹೇಳಿದ್ದೆನಲ್ಲ' ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಅಂದೂ ಇಲ್ಲ, ಆಮೇಲೂ ಇಲ್ಲ. ಆ ಕರೆದದ್ದು ಏನಿರಬಹುದು ಎಂದು ನಾನೇ ಕೇಳಿದೆ. ಅಮ್ಮ ದೂರವಾಗುತ್ತಿದ್ದ ದ್ವೀಪವನ್ನು ನೋಡುತ್ತಿದ್ದಳು.

"ಯಾರ್ ಬಲ್ರ್?" ಎಂದಳು. "ಕೆಟ್ಟದ್ದೇ ಅಂತ ಹೇಳೂಕಾತಿಲ್ಲ. ಅದ್ರ ಮಗುವೂ ಕಾಣೆ ಆಯಿರ್ಬಹುದ್. ಆದ್ರೂ ನಮ್ಮ ಮಗು ನಮ್ಗೆ ಬೇಕಲ್ದಾ?"

ಮನೆ ತಲುಪಿದ ಸಂಜೆಯೇ ಅಜ್ಜಿ ಮೊಮ್ಮಗಳ ಕಾನೂನಿಗೆ ತಿದ್ದುಪಡಿ ತಂದಳು. ಗೋಡೆ ಬಾಗಿಲು ಇರುವಲ್ಲಿ ಒಂದೇ ಸಲಕ್ಕೆ ಓ ಅನ್ನಬೇಕು, ಬಯಲಿನಲ್ಲಿ ಮೂರು. ಟೀಚರ ದೂರು ಮತ್ತೆ ಬರಲಿಲ್ಲ. ಅಡುಗೆಮನೆಯಲ್ಲಿ ಮತ್ತೆ ಕಥೆ ಶುರುವಾಯಿತು. ಚಹಾ ಮಾಡುವ ನೆಪದಲ್ಲಿ ನಾನೂ ಅಲ್ಲೇ ನಿಲ್ಲುತ್ತಿದ್ದೆ. ಹೆಂಡತಿಗೆ ಎಲ್ಲವನ್ನೂ ಹೇಳಲು ನನಗೆ ಒಂದು ವಾರ ಹಿಡಿಯಿತು. ಅವಳು ಎದ್ದು ಹೋಗಿ ಮಲಗಿದ್ದ ಮಗಳನ್ನು ಮುಟ್ಟಿ ನೋಡಿ ಬಂದಳು, ಅಷ್ಟೇ.

ದುರ್ಬೀನು ಹಿಂದಿರುಗಿಸುವಾಗ ಮ್ಯಾನೇಜರಿಗೂ ಹೇಳಿದೆ. ಅವರು ನಗಲಿಲ್ಲ. ಮಂಜಿನಲ್ಲಿ ಶಬ್ದ ದಾರಿ ತಪ್ಪುತ್ತದೆ, ಗೋಡೆಗಳಿಗೆ ಬಡಿದು ಬೇರೆ ದಿಕ್ಕಿನಿಂದ ಕೇಳುತ್ತದೆ, ತಮ್ಮ ದ್ವೀಪದಲ್ಲೂ ಎಷ್ಟೋ ಸಲ ಹೀಗಾಗಿದೆ ಎಂದು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ನನ್ನ ಕೂಗು ಮಗಳಿಗೆ ಆ ಕಡೆಯಿಂದ ಕೇಳಿಸಿತು, ಅವಳದು ನನಗೆ ಆ ಕಡೆಯಿಂದ. ಎಂಜಿನಿಯರ ಮಾತು, ನನಗೆ ಎಷ್ಟು ಸಮಾಧಾನವಾಯಿತೆಂದರೆ ಹಗುರಾಗಿ ಎದ್ದು ಬಂದೆ. ನನ್ನ ಮೇಜು ತಲುಪುವಷ್ಟರಲ್ಲಿ ನೆನಪಾಯಿತು: ನಾನು 'ಬಾ ಮಗಾ' ಎಂದಿರಲೇ ಇಲ್ಲ. ಮಗಳು ಬಾಯಿ ತೆರೆದಿರಲೇ ಇಲ್ಲ. ಹಿಂದಿರುಗಿ ಹೋಗಿ ಅದನ್ನು ಕೇಳುವ ಧೈರ್ಯ ಬರಲಿಲ್ಲ.

ಇಷ್ಟು ವರ್ಷಗಳಲ್ಲಿ ನನಗೆ ಅದರ ತಳ ಬುಡ ಹತ್ತಿಲ್ಲ. ಹೆದರಿದ ತಂದೆಯ ಕಿವಿ ಏನನ್ನು ಬೇಕಾದರೂ ಕೇಳಿಸಿಕೊಳ್ಳಬಹುದು, ಆರು ವರ್ಷದ ಮಗು ಏನನ್ನು ಬೇಕಾದರೂ ಹೇಳಬಹುದು. ಆದರೆ ಇಬ್ಬರೂ ಒಂದೇ ಜಾಗವನ್ನು ತೋರಿಸಿದ್ದು ಹೇಗೆ? ಇದನ್ನು ನಂಬುತ್ತೀರಾ ಎಂದು ನೀವು ಕೇಳಿದರೆ ಈಗಲೂ ಇಲ್ಲ ಎಂದೇ ಹೇಳುತ್ತೇನೆ. ಮಗಳು ಈಗ ನನ್ನ ಭುಜಕ್ಕೆ ಬರುತ್ತಾಳೆ. ಮಾಲ್‌ನಲ್ಲೋ, ಕಡಲ ದಂಡೆಯಲ್ಲೋ, ವಿಮಾನ ನಿಲ್ದಾಣದಲ್ಲೋ ಅವಳನ್ನು ಕರೆಯಬೇಕಾದಾಗ ಮಾತ್ರ ನಾನು ಯಾವಾಗಲೂ ಮೂರು ಸಲ ಕರೆಯುತ್ತೇನೆ. ಕರೆಯುತ್ತಿರುವುದು ನಾನೇ ಎಂದು ಅವಳಿಗೆ ಗೊತ್ತಾಗಬೇಕಲ್ಲ.